400 ಮಾದರಿಯಲ್ಲಿ ಒಬ್ಬರು: ಎಚ್‌ಐವಿ ಅಂದಾಜಿನ ಪಾಡು

ಮಾನ್ಯರೇ,

ಎಚ್‌ಐವಿ ಪ್ರಮಾಣ ದಶಮಾಂಶದವರೆಗೆ ಪ್ರಕಟವಾದಾಗ ಯಾರೋ ಕೂತು ಎಣಿಸಿದಂತೆ ಕಾಣುತ್ತದೆ. ಯಾರೂ ಎಣಿಸಿಲ್ಲ. ಭಾರತದಲ್ಲಿ ಬಹುಕಾಲ ಈ ಅಂದಾಜಿಗೆ ಮುಖ್ಯ ಆಧಾರ, ಆಯ್ದ ನಿಗಾ ಕೇಂದ್ರಗಳಿಗೆ ತಪಾಸಣೆಗೆ ಬಂದ ಗರ್ಭಿಣಿಯರ ರಕ್ತ; ಕೇಂದ್ರವೊಂದಕ್ಕೆ 400 ಮಾದರಿ. ಸೋಂಕು ಶೇ 0.25ರಷ್ಟಿದ್ದರೆ 400ರಲ್ಲಿ ಸಿಗಬೇಕಾದವರು ಒಬ್ಬರು. ಆಕೆ ಬೇರೆ ಆಸ್ಪತ್ರೆಗೆ ಹೋದರೆ ಇಲ್ಲಿ ಸೊನ್ನೆ; ಇನ್ನೊಬ್ಬಾಕೆ ಬಂದರೆ ಶೇ 0.5, ಅಂದರೆ ‘ದುಪ್ಪಟ್ಟು’! ಒಂದೇ ಕೇಂದ್ರದ ಒಂದು ವರ್ಷದ ಏರಿಳಿತಕ್ಕೆ ಅರ್ಥ ಹುಡುಕುವುದು ವ್ಯರ್ಥ.

ಪರೀಕ್ಷೆಯ ತಪ್ಪೂ ಇದಕ್ಕೆ ಸೇರುತ್ತದೆ. ಸೋಂಕಿಲ್ಲದವರಲ್ಲಿ ಶೇ 99.5 ಮಂದಿಯನ್ನು ಸರಿಯಾಗಿ ಗುರುತಿಸುವ ಕಿಟ್ ಕೂಡ ಸಾವಿರಕ್ಕೆ ಐವರನ್ನು ತಪ್ಪಾಗಿ ‘ಪಾಸಿಟಿವ್’ ಎನ್ನುತ್ತದೆ. ಅದೇ ಸಾವಿರದಲ್ಲಿ ನಿಜವಾದ ಸೋಂಕಿತರು ಇಬ್ಬರೇ ಇದ್ದರೆ? ಬೇರೆ ಬಗೆಯ ಕಿಟ್‌ನಿಂದ ಮತ್ತೆ ದೃಢಪಡಿಸದಿದ್ದರೆ ಲೆಕ್ಕ ಮೂರೂವರೆ ಪಟ್ಟು ಉಬ್ಬುತ್ತದೆ.

2007ರಲ್ಲಿ ಭಾರತದ ಸೋಂಕಿತರ ಅಂದಾಜು 50 ಲಕ್ಷಕ್ಕೂ ಹೆಚ್ಚಿದ್ದದ್ದು ಸುಮಾರು 25 ಲಕ್ಷಕ್ಕೆ ಇಳಿಯಿತು. ಸೋಂಕೇನೂ ಮಾಯವಾಗಿರಲಿಲ್ಲ, ಮೂರನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಸುಮಾರು ಒಂದು ಲಕ್ಷ ಜನರ ರಕ್ತ ಪರೀಕ್ಷಿಸಿತ್ತು, ನಿಗಾ ಕೇಂದ್ರಗಳೂ ಹೆಚ್ಚಿದ್ದವು. ಹಾಗೆಂದು ಮನೆ ಸಮೀಕ್ಷೆಯನ್ನೇ ಕಣ್ಣುಮುಚ್ಚಿ ನಂಬುವಂತಿಲ್ಲ: ಲಾರಿ ಚಾಲಕ, ವಲಸೆ ಕಾರ್ಮಿಕ, ಕೈದಿ ಆ ಹೊತ್ತಿಗೆ ಮನೆಯಲ್ಲಿ ಸಿಗುವುದಿಲ್ಲ. ರಕ್ತ ಕೊಡಲೊಪ್ಪದವರೂ ಇರುತ್ತಾರೆ.

ವೈರಸ್ ಹತ್ತಿಕ್ಕುವ ಎಆರ್‌ಟಿ ಚಿಕಿತ್ಸೆಯಿಂದ ಸೋಂಕಿತರು ಹೆಚ್ಚು ಕಾಲ ಬದುಕುವುದರಿಂದ, ಹೊಸ ಸೋಂಕು ಇಳಿದರೂ ಒಟ್ಟು ಸಂಖ್ಯೆ ಏರಬಹುದು. ಪತ್ರಿಕೆಗಳು ಅಂದಾಜಿನ ಕೆಳಮಿತಿ, ಮೇಲ್ಮಿತಿ ಎರಡನ್ನೂ ಅಚ್ಚು ಹಾಕಲಿ. ಹಿಂದಿನ ವರ್ಷದ ಜೊತೆ ಹೋಲಿಸುವಾಗ ಹಳೆಯ ವರದಿ ಕೆದಕದೆ, ಹೊಸ ವರದಿಯಲ್ಲಿ ಆ ವರ್ಷಕ್ಕೆ ಪರಿಷ್ಕರಿಸಿ ಕೊಟ್ಟ ಅಂಕಿಯನ್ನೇ ಬಳಸಲಿ.