ಕಂಪೈಲ್ ಮಾಡುವ ಯಂತ್ರ ಬೇರೆ, ಓಡುವ ಯಂತ್ರ ಬೇರೆ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳನ್ನು ವರ್ಷವೂ ನೋಡುವ ಉಪನ್ಯಾಸಕನಾಗಿ, ಕೋಡ್‌ನಿಂದ ಪ್ರೋಗ್ರಾಂ ತಯಾರಿಸುವ ಹಂತಗಳನ್ನು ನಡೆಸುವ ಅವರ ಬಿಲ್ಡ್ ಸ್ಕ್ರಿಪ್ಟ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ತಪ್ಪಿನ ಬಗ್ಗೆ ಬರೆಯುತ್ತಿದ್ದೇನೆ. ತಂತ್ರಾಂಶವನ್ನು ಕಂಪೈಲ್ ಮಾಡುವ, ಅಂದರೆ ಬರೆದ ಕೋಡ್ ಅನ್ನು ಓಡಿಸಬಲ್ಲ ರೂಪಕ್ಕೆ ತರುವ, ಯಂತ್ರದಲ್ಲಿಯೇ ಅದು ಓಡುತ್ತದೆ ಎಂದು ಆ ಸ್ಕ್ರಿಪ್ಟ್‌ಗಳು ನಂಬಿಬಿಡುತ್ತವೆ.

ಇತ್ತೀಚೆಗೆ ವಿದ್ಯಾರ್ಥಿನಿಯೊಬ್ಬಳು ತನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಮಿನ್‌ಜಿಡಬ್ಲ್ಯು ಕಂಪೈಲರ್ ಬಳಸಿ ವಿಂಡೋಸ್‌ಗೆ ಒಂದು ಪ್ರೋಗ್ರಾಂ ತಯಾರಿಸಲು ಹೊರಟಿದ್ದಳು. ಆಕೆಯ ಸ್ಕ್ರಿಪ್ಟ್, ತಾನಿರುವ ಯಂತ್ರದ ಕಾರ್ಯಾಚರಣಾ ವ್ಯವಸ್ಥೆಯ ಹೆಸರು ಹೇಳುವ 'ಯುನೇಮ್' ಆದೇಶವನ್ನು ಕೇಳಿತು, ಅದು ಸಹಜವಾಗಿಯೇ 'ಲಿನಕ್ಸ್' ಎಂದಿತು, ಸ್ಕ್ರಿಪ್ಟ್ ಲಿನಕ್ಸ್‌ನ 'ಡಿಎಲ್' ಎಂಬ ಲೈಬ್ರರಿಯನ್ನು (ಸಿದ್ಧ ಕೋಡ್‌ನ ಸಂಗ್ರಹವನ್ನು) ಜೋಡಿಸಲು ಹೇಳಿತು. ವಿಂಡೋಸ್‌ನ ಕಡೆ ಆ ಲೈಬ್ರರಿ ಇಲ್ಲದ್ದರಿಂದ ಲೈಬ್ರರಿಗಳನ್ನು ಪ್ರೋಗ್ರಾಂಗೆ ಜೋಡಿಸುವ ಲಿಂಕರ್ ಅಲ್ಲಿಯೇ ನಿಂತಿತು. ಕಂಪೈಲರ್ ಕೆಟ್ಟಿದೆಯೆಂದು ಭಾವಿಸಿ ಆಕೆ ಎರಡು ದಿನ ಅದನ್ನೇ ಅಳಿಸಿ ಮತ್ತೆ ಹಾಕುತ್ತಿದ್ದಳು.

ಹೆಸರಿನ ತುಣುಕನ್ನು ಹುಡುಕುವ ಅಭ್ಯಾಸವೂ ಅಷ್ಟೇ ಅಪಾಯಕಾರಿ. ಮ್ಯಾಕ್ ಯಂತ್ರದಲ್ಲಿ ಯುನೇಮ್ ಕೊಡುವ ಉತ್ತರ 'ಡಾರ್ವಿನ್'. ಹೆಸರಿನಲ್ಲಿ 'ವಿನ್' ಇದ್ದರೆ ವಿಂಡೋಸ್ ಎಂದು ತೀರ್ಮಾನಿಸುವ ಸ್ಕ್ರಿಪ್ಟ್‌ಗೆ ಮ್ಯಾಕ್ ಕೂಡ ವಿಂಡೋಸ್ ಆಗಿಬಿಡುತ್ತದೆ. ಬಿಲ್ಡ್ ನಡೆಸುವ ಸಾಧನವಾದ ಸಿಮೇಕ್‌ನ 'ಯುನಿಕ್ಸ್' ಎಂಬ ಚರಾಕ್ಷರ ಲಿನಕ್ಸ್‌ನಲ್ಲಷ್ಟೇ ಅಲ್ಲದೆ ಮ್ಯಾಕ್‌ನಲ್ಲಿಯೂ ಸತ್ಯವಾಗಿರುತ್ತದೆ. ಅದನ್ನು ಲಿನಕ್ಸ್ ಎಂದೇ ಓದಿಕೊಳ್ಳುವವರು ಬಹಳ.

ಸರಿಯಾದ ಉತ್ತರ ಸಾಧನಗಳಲ್ಲಿಯೇ ಇದೆ. ಸಿಮೇಕ್‌ನಲ್ಲಿ 'ಸಿಮೇಕ್_ಸಿಸ್ಟಮ್_ನೇಮ್' ಎಂಬುದು ಪ್ರೋಗ್ರಾಂ ಓಡುವ ವ್ಯವಸ್ಥೆಯ ಹೆಸರು, ನಡುವೆ 'ಹೋಸ್ಟ್' ಸೇರಿದ ಇನ್ನೊಂದು ಚರಾಕ್ಷರ ಕಂಪೈಲ್ ಮಾಡುವ ಯಂತ್ರದ್ದು. ಆದರೆ ಇದೇ ಬಗೆಯ ಸಾಧನಗಳಾದ ಆಟೋಕಾನ್ಫ್‌ನಲ್ಲಿ ಮತ್ತು ಮೆಸಾನ್‌ನಲ್ಲಿ 'ಹೋಸ್ಟ್' ಎಂದರೆ ಪ್ರೋಗ್ರಾಂ ಓಡುವ ಯಂತ್ರ; ಈ ಒಂದೇ ಪದದ ಎರಡು ಅರ್ಥಗಳಲ್ಲಿ ಅನುಭವಿಗಳೂ ಎಡವಿದ್ದನ್ನು ಕಂಡಿದ್ದೇನೆ. ರಸ್ಟ್ ಭಾಷೆಯ ಬಿಲ್ಡ್ ಸ್ಕ್ರಿಪ್ಟ್ ಸ್ವತಃ ಕಂಪೈಲ್ ಮಾಡುವ ಯಂತ್ರದಲ್ಲಿಯೇ ಓಡುವುದರಿಂದ, ಅದರೊಳಗೆ ವ್ಯವಸ್ಥೆ ಯಾವುದೆಂದು ನೋಡುವ 'ಸಿಎಫ್‌ಜಿ' ಪರೀಕ್ಷೆ ಆ ಯಂತ್ರದ ಬಗ್ಗೆ ಮಾತ್ರ ಹೇಳುತ್ತದೆ. ಗುರಿ, ಅಂದರೆ ಪ್ರೋಗ್ರಾಂ ಓಡಬೇಕಾದ ವ್ಯವಸ್ಥೆ, ಯಾವುದೆಂದು ತಿಳಿಯಲು 'ಕಾರ್ಗೊ_ಸಿಎಫ್‌ಜಿ_ಟಾರ್ಗೆಟ್_ಓಎಸ್' ಎಂಬ ಪರಿಸರ ಚರಾಕ್ಷರವನ್ನು ಓದಬೇಕು.

ನಮ್ಮ ಲ್ಯಾಬ್‌ಗಳಲ್ಲಿ ಪ್ರತಿ ಅಭ್ಯಾಸವೂ ಒಂದೇ ಗಣಕದಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುವುದರಿಂದ ಈ ವ್ಯತ್ಯಾಸ ವಿದ್ಯಾರ್ಥಿಗಳ ಗಮನಕ್ಕೇ ಬರುವುದಿಲ್ಲ. ಪಠ್ಯಕ್ರಮ ರೂಪಿಸುವವರು ಒಂದು ಲ್ಯಾಬ್ ಅವಧಿಯನ್ನಾದರೂ ಇದಕ್ಕೆ ಮೀಸಲಿಟ್ಟು, ಲ್ಯಾಪ್‌ಟಾಪ್‌ನಲ್ಲಿ ಕಂಪೈಲ್ ಮಾಡಿದ ಪ್ರೋಗ್ರಾಂ ಅನ್ನು ರಾಸ್ಪ್‌ಬೆರಿ ಪೈ ಬೋರ್ಡಿನಲ್ಲೋ ಆಂಡ್ರಾಯ್ಡ್ ಫೋನಿನಲ್ಲೋ ಓಡಿಸಿ ತೋರಿಸುವ ಅಭ್ಯಾಸವನ್ನು ಸೇರಿಸಬೇಕೆಂದು ವಿನಂತಿಸುತ್ತೇನೆ.

– ಎಂಜಿನಿಯರಿಂಗ್ ಕಾಲೇಜು ಉಪನ್ಯಾಸಕ, ಶಿವಮೊಗ್ಗ