ಗಾಯದ ವಹಿಗೆ, ಯಂತ್ರದ ಕವಚಕ್ಕೆ: ದೇಣಿಗೆ ಮನವಿ

ಮಾನ್ಯರೇ,

ಕೃಷಿ ಕೂಲಿಕಾರರಿಗೆ ಆಗುವ ಗಾಯಗಳನ್ನು ಬರೆದಿಟ್ಟು, ಅದೇ ಗಾಯ ಇನ್ನೊಬ್ಬರಿಗೆ ಆಗದಂತೆ ಯಂತ್ರಗಳನ್ನು ಸರಿಪಡಿಸುವ ಕೆಲಸಕ್ಕೆ ನಮ್ಮ ಟ್ರಸ್ಟ್ ನಿಮ್ಮ ನೆರವು ಕೋರುತ್ತಿದೆ. ಜಾಗೃತಿ ಫಲಕಗಳಿಗೆ ಇದರಲ್ಲಿ ಬಿಡಿಗಾಸೂ ಹೋಗುವುದಿಲ್ಲ. ಫಲಕ ಯಂತ್ರದ ಯಾವ ತಿರುಗುವ ಶಾಫ್ಟನ್ನೂ ಮುಚ್ಚುವುದಿಲ್ಲ.

ಟ್ರ್ಯಾಕ್ಟರಿನ ಪಿಟಿಓ ಶಾಫ್ಟನ್ನೇ ನೋಡಿ, ಎಂಜಿನ್ನಿನ ಬಲವನ್ನು ಜೋಡಿಸಿದ ಯಂತ್ರಕ್ಕೆ ಸಾಗಿಸುವ ತಿರುಗು ದಂಡ ಅದು. ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಬಟ್ಟೆಯ ಚುಂಗು ಸಿಕ್ಕರೆ ಕೈ ಹಿಂದೆಳೆದುಕೊಳ್ಳಲೂ ಹೊತ್ತಿರುವುದಿಲ್ಲ. ಹೊಸತರಲ್ಲಿ ಅದಕ್ಕೆ ಪ್ಲಾಸ್ಟಿಕ್ ಕವಚ ಇರುತ್ತದೆ; ಗ್ರೀಸ್ ಹಚ್ಚಲು ಅಡ್ಡ ಅಂತ ಬಿಚ್ಚಿದ್ದು ಮೂಲೆ ಸೇರುತ್ತದೆ. ಬೇರಿಂಗ್ ಸವೆದು ಕವಚವೂ ಶಾಫ್ಟಿನ ಜೊತೆಗೇ ಸುತ್ತುತ್ತಿದ್ದರೆ ಅದು ಇದ್ದೂ ಇಲ್ಲದಂತೆ. ಎಂಜಿನ್ ನಿಲ್ಲಿಸಿ, ಕೀ ಜೇಬಿಗೆ ಹಾಕಿಕೊಂಡು, ಕವಚವನ್ನು ಕೈಯಲ್ಲಿ ತಿರುಗಿಸಿ ನೋಡಿ: ಸಲೀಸಾಗಿ ತಿರುಗಬೇಕು. ಓಡುವಾಗ ಅದನ್ನು ತಡೆದು ಹಿಡಿಯುವ ಸರಪಳಿ ಎರಡೂ ತುದಿಗೆ ಬೇಕು.

ಒಕ್ಕಣೆ ಯಂತ್ರದಲ್ಲಿ ಕೈ ಒಳಗೆ ಹೋಗುವುದು ಚೂಟ್, ಅಂದರೆ ಪೈರು ಒಳಗೆ ತಳ್ಳುವ ತಗಡಿನ ದೋಣಿ, ಗಿಡ್ಡವಾಗಿದ್ದಾಗ. ಕನಿಷ್ಠ 90 ಸೆಂ.ಮೀ. ಉದ್ದ ಇರಬೇಕು, ಕಾಳು ಬಿಡಿಸುವ ಡ್ರಮ್ಮಿನ ಕಡೆಯ 45 ಸೆಂ.ಮೀ. ಮೇಲಿನಿಂದ ಮುಚ್ಚಿರಬೇಕು.

ಇನ್ನು ವಹಿ. ದಿನ, ಗಂಟೆ, ಮಾಡುತ್ತಿದ್ದ ಕೆಲಸ, ಉಪಕರಣ, ಗಾಯವಾದ ಅಂಗ, ತಪ್ಪಿದ ಕೂಲಿ ದಿನಗಳು. ಹೆಸರು ಬೇಡ; ನಾಳೆ ಕೆಲಸಕ್ಕೆ ಕರೆಯಲಿಕ್ಕಿಲ್ಲ ಎಂಬ ಅಂಜಿಕೆಗೆ ಗಾಯ ಮುಚ್ಚಿಡುತ್ತಾರೆ. ಕಾರಣದ ಕಾಲಂನಲ್ಲಿ 'ಅಜಾಗರೂಕತೆ' ಎಂದು ಬರೆಯುವಂತಿಲ್ಲ. ಆ ಪದ ಬಿದ್ದರೆ ವಿಚಾರಣೆ ಅಲ್ಲಿಗೇ ಮುಗಿಯಿತು. 'ಪೈರು ಸಿಕ್ಕಿಕೊಂಡಿತ್ತು, ನಿಲ್ಲಿಸುವ ಸ್ವಿಚ್ ಯಂತ್ರದ ಆಚೆ ಬದಿಗಿತ್ತು' ಎಂದಿದ್ದರೆ ಸ್ವಿಚ್ಚನ್ನು ಈಚೆ ತರಬಹುದು. 'ಸ್ವಲ್ಪದರಲ್ಲಿ ತಪ್ಪಿತು' ಅನ್ನುವಂಥವೂ ವಹಿಗೆ ಬರಬೇಕು. ಅಂದು ಎಷ್ಟು ಜನ, ಎಷ್ಟು ಗಂಟೆ ದುಡಿದರು ಎಂಬುದೂ ಬೇಕು: 10 ಜನರಲ್ಲಿ 3 ಗಾಯ ಬೇರೆ, 100 ಜನರಲ್ಲಿ 3 ಬೇರೆ.

ಬೇಕಾಗಿರುವುದು: ಶಾಫ್ಟ್ ಕವಚ, ಅದರ ಬೇರಿಂಗ್, ಚೂಟಿಗೆ ತಗಡು ಮತ್ತು ವೆಲ್ಡಿಂಗ್ ಖರ್ಚು, ಸಿಂಪಡಣೆಗೆ ರಬ್ಬರಿನಂಥ ನೈಟ್ರೈಲ್ ಕೈಗವಸು (ಬಟ್ಟೆಯವು ದಯವಿಟ್ಟು ಬೇಡ, ಔಷಧಿ ಹೀರಿ ಚರ್ಮಕ್ಕೇ ಅಂಟಿಸುತ್ತವೆ), ಔಷಧಿ ಸಿಡಿದ ಕಣ್ಣನ್ನು 15 ನಿಮಿಷ ಬಿಡದೆ ತೊಳೆಯಲು ನಲ್ಲಿಯಿರುವ ನೀರಿನ ಕ್ಯಾನ್.

ಹಣವಾಗಿಯೂ ಕೊಡಬಹುದು, ಸಾಮಾನಾಗಿಯೂ ಕೊಡಬಹುದು. ಹಳೇ ಕವಚ ಮಾತ್ರ ಬೇಡ, ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ. ನಿಮ್ಮ ದೇಣಿಗೆ ಯಾವ ಯಂತ್ರಕ್ಕೆ ಸಂದಿತು ಎಂಬುದು ರಸೀದಿಯಲ್ಲೇ ಇರುತ್ತದೆ. ಸುಗ್ಗಿಗೆ ಮುಂಚೆ ತಲುಪಿಸಿದರೆ ಉಪಕಾರ. ಒಕ್ಕಣೆ ಶುರುವಾದ ಮೇಲೆ ವೆಲ್ಡಿಂಗಿಗೆಂದು ಅರ್ಧ ದಿನ ಯಂತ್ರ ನಿಲ್ಲಿಸಿ ಎಂದರೆ ಯಾರೂ ಒಪ್ಪುವುದಿಲ್ಲ.