ಕೂದಲಿನ ಬೆಲೆ ಕೇಳಿದೆ, ಭಾರ ಕೇಳಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮದುಮಗಳ ಜಡೆ ಅಲಂಕಾರದ ಫೋಟೊಗಳು ಪುಟದ ತುಂಬಾ ಬಂದಿದ್ದವು. ಚೆನ್ನಾಗಿದ್ದವು. ಸೊಂಟದ ತನಕ ಜಡೆ, ಅದರ ತುಂಬಾ ಮೊಗ್ಗು, ತುದಿಗೆ ಕುಚ್ಚು. ಆದರೆ ಕೂದಲು ಗಿಡ್ಡ ಇದ್ದವರು ಎಕ್ಸ್‌ಟೆನ್ಷನ್ (ಹೊರಗಿನಿಂದ ಸೇರಿಸುವ ಕೂದಲು) ಹಾಕಿಸಿಕೊಂಡರಾಯಿತು ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಆ ಒಂದು ಸಾಲನ್ನು ನಂಬಿ ಪಾರ್ಲರ್‌ಗೆ ಹೋದವಳು ನಾನು, ಅದಕ್ಕೇ ಈ ಪತ್ರ.

ಹೋದ ವರ್ಷ ದಸರಾ ಹೊತ್ತಿಗೆ ಮೈದುನನ ನಿಶ್ಚಿತಾರ್ಥ ಇತ್ತು. ನನಗೆ ಹೆರಿಗೆಯಾಗಿ ಐದು ತಿಂಗಳು. ಬಾಚಣಿಗೆ ಇಟ್ಟರೆ ಸಾಕು, ಕೂದಲು ಉಂಡೆ ಉಂಡೆಯಾಗಿ ಬರುತ್ತಿತ್ತು. ಹೆರಿಗೆಯಾಗಿ ಮೂರು-ನಾಲ್ಕು ತಿಂಗಳಿಗೆ ಹೀಗೆ ಉದುರೋದು ಸಹಜ, ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಹೆಚ್ಚಿನವರಿಗೆ ಸರಿಹೋಗುತ್ತೆ ಅಂತ ಡಾಕ್ಟರ್ ಆಮೇಲೆ ಹೇಳಿದರು. ಆಗ ಗೊತ್ತಿರಲಿಲ್ಲ. ಫೋಟೊದಲ್ಲಿ ಬೋಳು ಕಾಣಬಾರದು ಅನ್ನೋದೊಂದೇ ತಲೆಯಲ್ಲಿತ್ತು. ಪಾರ್ಲರ್‌ನವರು ಟೇಪ್ ಎಕ್ಸ್‌ಟೆನ್ಷನ್, ಅಂದರೆ ಅಂಟುಪಟ್ಟಿಯಿಂದ ಕೂರಿಸುವ ಕೂದಲು, ಹಾಕಿದರು, ₹18,000. ನಾನು ಬೆಲೆ ಕೇಳಿದೆ, ಬಣ್ಣ ಹೊಂದುತ್ತಾ ನೋಡಿದೆ, ಅಸಲಿ ಕೂದಲೇನಾ ಅಂತ ಎರಡೆರಡು ಸಲ ಕೇಳಿದೆ. ಎಷ್ಟು ಗ್ರಾಂ, ಯಾವಾಗ ತೆಗೆಸಬೇಕು, ಎಣ್ಣೆ ಹಚ್ಚಬಹುದಾ ಅಂತ ಕೇಳಲೇ ಇಲ್ಲ. ಅವರೂ ಹೇಳಲಿಲ್ಲ.

ಅವತ್ತು ರಾತ್ರಿ ದಿಂಬಿಗೆ ತಲೆ ಇಡಲು ಆಗಲಿಲ್ಲ. ಕಿವಿಯ ಮೇಲೆ ಯಾರೋ ಹಿಡಿದು ಜಗ್ಗಿದಂತೆ ನೋವು. ಫೋನ್ ಮಾಡಿದರೆ "ಎರಡು ದಿನ ಹಂಗೇ ಇರತ್ತೆ ಮೇಡಂ" ಅಂದರು.

ದೀಪಾವಳಿ ಬಂತು. ನರಕ ಚತುರ್ದಶಿಯ ಬೆಳಗಿನ ಜಾವ ಅತ್ತೆ ಎಲ್ಲರಿಗೂ ಹಚ್ಚಿದಂತೆ ನನ್ನ ನೆತ್ತಿಗೂ ಬೆಚ್ಚಗಿನ ಕೊಬ್ಬರಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿದರು. ಟೇಪಿನ ಅಂಟಿಗೆ ಎಣ್ಣೆ ಆಗಿಬರಲ್ಲ. ನಾಲ್ಕೈದು ಪಟ್ಟಿ ಅರ್ಧ ಬಿಟ್ಟು ಅರ್ಧ ಹಿಡಿದು ಜೋತಾಡತೊಡಗಿದವು. ಸ್ನಾನದ ಮನೆಯಲ್ಲಿ ನಿಂತು ಸಿಟ್ಟಿನಲ್ಲಿ ಎರಡನ್ನು ಕೈಯಿಂದಲೇ ಕಿತ್ತೆ. ಪಟ್ಟಿಯ ಜೊತೆ ನನ್ನ ಕೂದಲೂ ಬಂತು. ಎಡಗಿವಿಯ ಮೇಲೆ ಎಂಟಾಣೆಯಷ್ಟು ಅಗಲ ಖಾಲಿ. ಅತ್ತೆ ಆ ಪಟ್ಟಿಯನ್ನು ಬೆಳಕಿಗೆ ಹಿಡಿದು "ಇದೇನವಾ, ತಲಿಗೆ ಬ್ಯಾಂಡೇಜ್ ಹಚ್ಚಿಸ್ಕೊಂಡಿದ್ದೆಯೇನ?" ಅಂದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಚರ್ಮದ ಡಾಕ್ಟರ್ ಹತ್ತಿರ ಹೋದಾಗ ಅರ್ಥವಾಗಿದ್ದು ಇಷ್ಟು. ಟೇಪ್ ಅಂದರೆ ಎರಡು ಅಂಟುಪಟ್ಟಿಗಳ ನಡುವೆ ನಮ್ಮ ಕೂದಲಿನ ತೆಳ್ಳನೆಯ ಎಳೆ. ಪಟ್ಟಿಯ ಅಷ್ಟೂ ಭಾರ ಹೊರೋದು ಆ ಎಳೆ ಮಾತ್ರ, ಅದೂ ಹಗಲು ರಾತ್ರಿ. ಮೊದಲೇ ಉದುರುತ್ತಿರುವ ತಲೆಯಲ್ಲಿ ಆ ಎಳೆಗೆ ಎಲ್ಲಿಂದ ಶಕ್ತಿ ಬರಬೇಕು? ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತೆ, ಹಾಗಾಗಿ ಪಟ್ಟಿ ಬುಡದಿಂದ ಕೆಳಗೆ ಇಳಿಯುತ್ತಾ ಹೋಗಿ ತಿರುಚಿಕೊಂಡು ಇನ್ನೂ ಜಾಸ್ತಿ ಎಳೆಯುತ್ತೆ. ಅದಕ್ಕೇ 6ರಿಂದ 8 ವಾರಕ್ಕೆ ಅದನ್ನು ತೆಗೆಸಿ ಮೇಲೆ ಹಾಕಿಸಬೇಕು, ಅದೂ ಅಂಟು ಕರಗಿಸುವ ದ್ರವ ಹಾಕಿಯೇ ತೆಗೆಯಬೇಕು. ಬುಡವನ್ನು ಬಹಳ ದಿನ ಹೀಗೆ ಎಳೆದರೆ ಕೂದಲು ಹೋಗುವುದಕ್ಕೆ ಟ್ರ್ಯಾಕ್ಷನ್ ಅಲೋಪೇಶಿಯಾ ಅಂತಾರೆ. ಬೇಗ ಬಿಟ್ಟರೆ ಕೂದಲು ಮತ್ತೆ ಬರುತ್ತೆ, ವರ್ಷಗಟ್ಟಲೆ ಎಳೆದರೆ ಬುಡವೇ ಸತ್ತುಹೋಗುತ್ತೆ. ಹಾಕಿಸಿಕೊಂಡ ರಾತ್ರಿಯ ಆ ನೋವು "ಸಹಜ" ಅಲ್ಲವೇ ಅಲ್ಲ, ಬಿಗಿ ಜಾಸ್ತಿಯಾಗಿದೆ ಅಂತ ತಲೆ ಹೇಳುತ್ತಿತ್ತು.

ಇನ್ನು ಅಸಲಿ ಕೂದಲಿನ ಕಥೆ. ನಮ್ಮ ಚಿಗವ್ವ ಕೊಪ್ಪಳದ ಪಕ್ಕದ ಭಾಗ್ಯನಗರದವಳು. ಅಲ್ಲಿ ಕೂದಲಿನದೇ ದೊಡ್ಡ ವ್ಯಾಪಾರ ಅಂತ ನಿಮ್ಮ ಓದುಗರಲ್ಲಿ ಅನೇಕರಿಗೆ ಗೊತ್ತು. ಚಿಕ್ಕವರಿದ್ದಾಗ ಓಣಿಯಲ್ಲಿ ಬಂದು ಬಾಚಿದ ಕೂದಲಿನ ಉಂಡೆ ತಗೊಂಡು ಪಿನ್ನು, ಪಾತ್ರೆ ಕೊಡುತ್ತಿದ್ದರಲ್ಲ, ಅಂಥ ಕೂದಲು ಕೊನೆಗೆ ಸೇರೋದು ಇಂಥ ಕಡೆಗೇ. ಹೆಣ್ಣುಮಕ್ಕಳು ಸೂಜಿ ಹಿಡಿದು ಒಂದೊಂದೇ ಸಿಕ್ಕು ಬಿಡಿಸಿ, ಉದ್ದ ನೋಡಿ ಬೇರೆ ಮಾಡುತ್ತಾರೆ. ಚಿಗವ್ವ ನನ್ನ ಎಕ್ಸ್‌ಟೆನ್ಷನ್ನಿನ ಒಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಮೇಲಿಂದ ಕೆಳಗೆ, ಆಮೇಲೆ ಕೆಳಗಿನಿಂದ ಮೇಲೆ ಜಾರಿಸಿದಳು. ಬುಡದಿಂದ ತುದಿಗೆ ನುಣುಪು, ತುದಿಯಿಂದ ಬುಡಕ್ಕೆ ಸ್ವಲ್ಪ ತಡೆ, ಅದು ಒಂದೇ ದಿಕ್ಕಿನ ಕೂದಲು. ತಿರುಮಲದಲ್ಲಿ ಮುಡಿ ಕೊಟ್ಟಂಥ ಕೂದಲನ್ನು ಬುಡ ಒಂದು ಕಡೆ ಇಟ್ಟು ಕಟ್ಟಿದರೆ ಹೀಗಿರುತ್ತೆ, ಅಂಗಡಿಯವರು ರೆಮಿ ಅನ್ನೋದು ಇದಕ್ಕೇ. ಬುಡ ತುದಿ ಕಲಸಿದ್ದರೆ ಸಿಕ್ಕಾಗುತ್ತೆ. ಅದು ಕಾಣದಿರಲಿ ಅಂತ ಕೂದಲಿನ ಮೇಲ್ಪದರ ತೆಗೆದು ಸಿಲಿಕೋನ್ ಹಚ್ಚಿ ಮಿರಮಿರ ಅನ್ನಿಸಿರುತ್ತಾರೆ, ನಾಲ್ಕಾರು ಸಲ ತೊಳೆಯುವಷ್ಟರಲ್ಲಿ ಗಂಟು. ಆ ಗಂಟನ್ನು ಬಾಚುವಾಗ ಕಿತ್ತುಬರೋದು ನಮ್ಮ ಕೂದಲೇ. ಒಂದು ಎಳೆ ಸುಟ್ಟು ನೋಡುವುದೂ ಉಂಟು. ಅಸಲಿ ಆದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ತಿಕ್ಕಿದರೆ ಪುಡಿ. ಪ್ಲಾಸ್ಟಿಕ್ ಆದರೆ ಕರಗಿ ಗಟ್ಟಿ ಮಣಿ. ನನ್ನದು ಅಸಲಿಯೇ ಇತ್ತು ಬಿಡಿ. ಆದರೂ ತಲೆ ಬೋಳಾಯಿತಲ್ಲ!

ಒಂದು ದಿನದ ಸಂಭ್ರಮಕ್ಕೆ ಎರಡು ತಿಂಗಳು ತಲೆಗೆ ಅಂಟಿಸಿಕೊಳ್ಳೋದು ಯಾಕೆ ಅನ್ನೋದು ಈಗ ನನ್ನ ಪ್ರಶ್ನೆ. ಬಿಸಿ ಮಾಡಿ ಅಂಟಿಸುವ ಕೆರಟಿನ್ ಬಾಂಡ್, ಸಣ್ಣ ಉಂಗುರ ಒತ್ತಿ ಕೂರಿಸುವ ಮೈಕ್ರೊ ರಿಂಗ್ ಎಲ್ಲ ಇದೇ ಜಾತಿಯವು, ಮಲಗುವಾಗ ತೆಗೆದಿಡುವಂತಿಲ್ಲ. ಕೂದಲು ದಪ್ಪ ಇದ್ದವರಿಗೆ, ಹೇಳಿದ ದಿನಕ್ಕೆ ತಪ್ಪದೆ ಹೋಗಿ ತೆಗೆಸುವವರಿಗೆ ಇರಲಿ, ನಾನು ಬೇಡ ಅನ್ನಲ್ಲ. ಉಳಿದವರಿಗೆ ಕ್ಲಿಪ್ಪಿನಿಂದ ಸಿಕ್ಕಿಸುವ ಎಕ್ಸ್‌ಟೆನ್ಷನ್ ಸಾಕು. ಕ್ಲಿಪ್ಪಿನ ಒಳಗೆ ಸಿಲಿಕೋನ್ ಪಟ್ಟಿ ಇರಲಿ, ಇಡೀ ಸೆಟ್ಟು 100 ಗ್ರಾಂ ಆಸುಪಾಸು ಇರಲಿ, ಕೆನ್ನೆಯ ಪಕ್ಕದ ಮತ್ತು ಹಣೆ ಅಂಚಿನ ಎಳೆಗೂದಲಿಗೆ ಮಾತ್ರ ಹಾಕಬೇಡಿ. ರಾತ್ರಿ ತೆಗೆದಿಡಿ. ಕೂದಲು ತೀರಾ ತೆಳ್ಳಗಿದ್ದರೆ ಹೇಲೋ ಅಂತ ಬರುತ್ತೆ, ಸಣ್ಣ ತಂತಿ ನೆತ್ತಿಯ ಸುತ್ತ ಕೂರುತ್ತೆ, ಕ್ಲಿಪ್ಪೂ ಬೇಡ ಅಂಟೂ ಬೇಡ. ಕುಣಿಯುವವರಿಗೆ ಅದು ಜಾರುತ್ತೆ ಅನ್ನೋದೂ ನಿಜ.

ಮತ್ತೆ ನಮ್ಮ ಚೌರಿ ಇಲ್ಲವಾ? ಪುರವಣಿಯಲ್ಲಿ ಅದರ ಹೆಸರೇ ಇರಲಿಲ್ಲ. ಮೂರು ಎಳೆ, ಮೇಲೆ ಒಂದು ದಾರ. ನಮ್ಮ ಕೂದಲಿನ ಮೂರು ಕಾಲಿಗೆ ಅದರ ಮೂರು ಎಳೆ ಸೇರಿಸಿ ಹೆಣೆದರೆ ಭಾರ ಇಡೀ ಜಡೆಗೆ ಹಂಚಿಹೋಗುತ್ತೆ, ಒಂದೇ ಎಳೆಗೆ ಬೀಳಲ್ಲ. ರಾತ್ರಿ ಬಿಚ್ಚಿ ಮೊಳೆಗೆ ನೇತುಹಾಕಿದರೆ ಮುಗೀತು. ಬುಡದ ದಾರವನ್ನು ಬಿಗಿಯಾಗಿ ಕಟ್ಟಬಾರದು, ಮೊಗ್ಗಿನ ಜಡೆಯ ಜೊತೆ ಹಾಕಿದರೆ ಮುಹೂರ್ತ, ಫೋಟೊ ಮುಗಿದ ಕೂಡಲೇ ಬಿಚ್ಚಬೇಕು, ಅಷ್ಟೇ.

ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಲ ಜಡೆಯ ಫೋಟೊ ಹಾಕುವಾಗ, ಅದು ಯಾವ ಥರದ್ದು, ಎಷ್ಟು ಹೊತ್ತಿಗೆ ತೆಗೆಯಬೇಕು ಅಂತ ಪಕ್ಕದಲ್ಲಿ ಎರಡು ಸಾಲು ಹಾಕಿ. ಪಾರ್ಲರ್‌ನವರೂ ತೆಗೆಸುವ ದಿನಾಂಕ ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಅವರ ಗಂಟೇನೂ ಹೋಗಲ್ಲ.

ಮೈದುನನ ಮದುವೆ ಈ ಮಾಘದಲ್ಲಿ. ಅತ್ತೆ ತಮ್ಮ ಮದುವೆಯ ಚೌರಿಯನ್ನು ಟ್ರಂಕಿನಿಂದ ತೆಗೆದು, ಸೀಗೆಪುಡಿಯಲ್ಲಿ ತೊಳೆದು ಹಿತ್ತಲಲ್ಲಿ ಒಣಹಾಕಿದ್ದಾರೆ. ನನ್ನ ಕಿವಿಯ ಮೇಲೆ ಮರಿಗೂದಲು ಬಂದಿದೆ, ಗಾಳಿ ಬೀಸಿದರೆ ಸಾಕು, ಎದ್ದು ನಿಲ್ಲುತ್ತೆ.

– ಒಬ್ಬ ಓದುಗಿ, ಹುಬ್ಬಳ್ಳಿ